ಹೊಗೆ, ಧೂಳು ಮತ್ತು ಮಗುವಿನ ಉಬ್ಬಸ: ಪೋಷಕರಿಗೊಂದು ಕಿವಿಮಾತು

ದೀಪಾವಳಿ ಕಳೆದು ಚಳಿ ಬೀಳತೊಡಗಿದರೆ ಮಕ್ಕಳ ವೈದ್ಯರ ಮುಂದೆ ಕೂರುವ ತಂದೆತಾಯಿಯರ ಅಳಲು ಹೆಚ್ಚುಕಡಿಮೆ ಒಂದೇ ಥರ. “ಹಗಲೆಲ್ಲ ಚೆನ್ನಾಗೇ ಆಡ್ಕೊಂಡಿರ್ತಾನೆ ಡಾಕ್ಟ್ರೇ. ರಾತ್ರಿ ಮಲಗಿದ ಮೇಲೆ ಕೆಮ್ಮು ಶುರುವಾದ್ರೆ ನಿಲ್ಲೋದೇ ಇಲ್ಲ. ಬಾಳೆಹಣ್ಣು, ಮೊಸರು, ಐಸ್‌ಕ್ರೀಂ ಎಲ್ಲ ಬಿಡಿಸಿದೀವಿ. ಆದ್ರೂ ಕಮ್ಮಿ ಆಗ್ತಿಲ್ಲ.” ಊಟತಿಂಡಿಯಲ್ಲಿ ಇಷ್ಟೊಂದು ಎಚ್ಚರ ವಹಿಸುವ ಮನೆಯಲ್ಲೇ ಮಗು ಮಲಗುವ ಕೋಣೆಯಲ್ಲಿ ರಾತ್ರಿಯಿಡೀ ಸೊಳ್ಳೆಬತ್ತಿ ಉರಿಯುತ್ತಿರುತ್ತದೆ. ಬೆಳಿಗ್ಗೆ ಶಾಲಾ ವ್ಯಾನಿಗೆ ಕಾಯುವ ಜಾಗ ಬಸ್ಸುಗಳ ಹೊಗೆಯ ಪಕ್ಕದಲ್ಲೇ ಇರುತ್ತದೆ. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ತಿನ್ನುವುದು ಕಣ್ಣಿಗೆ ಕಾಣುತ್ತದೆ, ಉಸಿರಾಡುವ ಗಾಳಿ ಕಾಣುವುದಿಲ್ಲ.

ಆ ಕಾಣದ ಗಾಳಿ ಮಗುವಿನ ಶ್ವಾಸನಾಳದಲ್ಲಿ ಏನು ಮಾಡುತ್ತದೆ, ಅದರಲ್ಲಿ ನಮ್ಮ ಕೈಯಲ್ಲಿರುವುದು ಎಷ್ಟು ಎಂಬುದನ್ನು ಸಮಾಧಾನವಾಗಿ ನೋಡೋಣ. ಊರಿನ ಗಾಳಿಯನ್ನು ಒಬ್ಬ ತಾಯಿಯೋ ತಂದೆಯೋ ಒಂದು ದಿನದಲ್ಲಿ ಬದಲಿಸಲಾರರು. ಆದರೆ ಮನೆಯೊಳಗಿನ ಹೊಗೆಯನ್ನು ನಿಲ್ಲಿಸಬಹುದು, ಮಗುವಿನ ಶ್ವಾಸನಾಳದ ಉರಿಯೂತವನ್ನು ಔಷಧಿಯಿಂದ ಹತೋಟಿಯಲ್ಲಿ ಇಡಬಹುದು. ಇವೆರಡನ್ನು ಸರಿಯಾಗಿ ಮಾಡಿದರೆ ಉಬ್ಬಸವಿರುವ ಬಹುಪಾಲು ಮಕ್ಕಳು ಎಲ್ಲರಂತೆ ಓಡಿ ಆಡಿಕೊಂಡು ಬೆಳೆಯುತ್ತಾರೆ.

ಉಬ್ಬಸ ಎಂದರೆ ಒಳಗಿನ ಉರಿಯೂತ

ಅಸ್ತಮಾ, ಉಬ್ಬಸ, ಗೂರಲು, ದಮ್ಮು ಎಂದೆಲ್ಲ ಕರೆಯುವ ಈ ಕಾಯಿಲೆಯ ಮೂಲ ಇರುವುದು ಶ್ವಾಸನಾಳಗಳ ಒಳಪದರದ ಉರಿಯೂತದಲ್ಲಿ. ಒಳಪದರ ಕೆಂಪಾಗಿ ಊದಿಕೊಂಡಿರುತ್ತದೆ. ಅಂಥ ನಾಳಕ್ಕೆ ಹೊಗೆ, ಧೂಳು, ತಣ್ಣನೆ ಗಾಳಿ ಅಥವಾ ನೆಗಡಿಯ ವೈರಸ್ಸು ತಾಗಿದರೆ ಅದರ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಅಂಟಂಟು ಕಫ ತುಂಬುತ್ತದೆ, ದಾರಿ ಕಿರಿದಾಗುತ್ತದೆ. ಕಿರಿದಾದ ದಾರಿಯಲ್ಲಿ ಗಾಳಿ ಹೊರಬರುವಾಗ ಕೇಳಿಸುವುದೇ ಆ ಸುಂಯ್ ಎನ್ನುವ ಸದ್ದು.

ಪೋಷಕರು ಮುಖ್ಯವಾಗಿ ತಿಳಿಯಬೇಕಾದ ಸಂಗತಿ ಇದು: ಕೆಮ್ಮು ನಿಂತ ಮಾತ್ರಕ್ಕೆ ಉರಿಯೂತ ಆರಿತು ಎಂದು ಅರ್ಥವಲ್ಲ. ಮಗು ನಗುನಗುತ್ತಾ ಆಡುತ್ತಿರುವಾಗಲೂ ಒಳಪದರ ಇನ್ನೂ ಊದಿರಬಹುದು. ಕೆಟ್ಟ ಗಾಳಿಯಲ್ಲಿ ದಿನಗಳೆಯುವುದು ತರಚಿದ ಮೊಣಕಾಲಿನ ಮೇಲೆ ದಿನವೂ ಮರಳು ಉಜ್ಜಿದಂತೆ; ಗಾಯ ಒಣಗಲು ಪುರುಸೊತ್ತೇ ಸಿಗುವುದಿಲ್ಲ.

ಮೂಗೂ ಇದೇ ದಾರಿಯ ಮೊದಲ ಭಾಗ. ಬೆಳಗ್ಗೆ ಎದ್ದೊಡನೆ ಸಾಲುಸಾಲು ಸೀನು, ಸದಾ ಕಟ್ಟಿದ ಮೂಗು, ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜಿಕೊಳ್ಳುವ ಅಭ್ಯಾಸ ಇವೆಲ್ಲ ಅಲರ್ಜಿ ನೆಗಡಿಯ ಗುರುತುಗಳು. ಉಬ್ಬಸವಿರುವ ಹೆಚ್ಚಿನ ಮಕ್ಕಳಿಗೆ ಇದೂ ಇರುತ್ತದೆ. ಮೂಗು ಕಟ್ಟಿದ ಮಗು ಬಾಯಿಂದ ಉಸಿರಾಡುತ್ತದೆ. ಆಗ ಗಾಳಿಯನ್ನು ಸೋಸಿ ಬೆಚ್ಚಗೆ ಮಾಡುವ ಮೂಗಿನ ಕೆಲಸ ತಪ್ಪಿ, ಧೂಳೆಲ್ಲ ನೇರವಾಗಿ ಒಳಗಿಳಿಯುತ್ತದೆ. ಹಾಗಾಗಿ ಮೂಗಿನ ಚಿಕಿತ್ಸೆಯನ್ನು ಸಣ್ಣದೆಂದು ಬಿಡಬೇಡಿ.

ಎಲ್ಲ ಕೆಮ್ಮೂ ಉಬ್ಬಸವಲ್ಲ ಎಂಬುದನ್ನೂ ನೆನಪಿಡಿ. ಐದು ವರ್ಷದೊಳಗಿನ ಮಕ್ಕಳಲ್ಲಿ ವೈರಸ್ ನೆಗಡಿಯ ಜೊತೆ ಬರುವ ಸುಂಯ್ ಸದ್ದು ದೊಡ್ಡವರಾಗುತ್ತಾ ಎಷ್ಟೋ ಸಲ ತಾನಾಗಿಯೇ ಹೋಗುತ್ತದೆ. ಮತ್ತೆ ಮತ್ತೆ ಮರುಕಳಿಸಿದರೆ, ರಾತ್ರಿ ಅಥವಾ ಆಡಿದ ಮೇಲೆ ಹೆಚ್ಚಾದರೆ, ವೈದ್ಯರಿಂದ ಪರೀಕ್ಷೆ ಮಾಡಿಸಿ.

ಹೊಗೆ ಒಳಗಿಳಿದ ಮೇಲೆ

ಗಾಳಿಯಲ್ಲಿ ತೇಲುವ ಕಣಗಳಲ್ಲಿ ನಮಗೆ ಹೆಚ್ಚು ಚಿಂತೆಯಿರುವುದು ಪಿಎಂ 2.5 ಎಂಬವುಗಳ ಬಗ್ಗೆ. ಇವುಗಳ ಅಡ್ಡಳತೆ 2.5 ಮೈಕ್ರಾನ್ ಅಥವಾ ಅದಕ್ಕೂ ಕಡಿಮೆ. ಅಂದರೆ ತಲೆಗೂದಲಿನ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲು. ರಸ್ತೆಯ ದಪ್ಪ ಧೂಳಿನ ಬಹುಭಾಗ ಮೂಗು ಗಂಟಲಲ್ಲೇ ಸಿಕ್ಕಿಬೀಳುತ್ತದೆ. ಡೀಸೆಲ್ ಹೊಗೆ, ಸೌದೆ ಹೊಗೆ, ಕಸ ಸುಟ್ಟ ಹೊಗೆಯ ಈ ಸಣ್ಣ ಕಣಗಳು ಮಾತ್ರ ಶ್ವಾಸಕೋಶದ ತುದಿಯ ಗಾಳಿಗೂಡುಗಳವರೆಗೂ ಇಳಿಯುತ್ತವೆ. ಜೊತೆಗೆ ವಾಹನಗಳಿಂದ ಬರುವ ನೈಟ್ರೋಜನ್ ಡೈಆಕ್ಸೈಡ್, ಬಿಸಿಲಿನಲ್ಲಿ ಹುಟ್ಟುವ ಓಝೋನ್ ಎಂಬ ಅನಿಲಗಳೂ ಸೇರುತ್ತವೆ.

ಶ್ವಾಸನಾಳದ ಒಳಗೋಡೆಯ ಜೀವಕೋಶಗಳು ಒಂದಕ್ಕೊಂದು ಬಿಗಿಯಾಗಿ ಅಂಟಿಕೊಂಡಿರುತ್ತವೆ. ಅವುಗಳ ಮೇಲಿನ ಸೂಕ್ಷ್ಮ ರೋಮಗಳು ಕಫವನ್ನು ಸದಾ ಮೇಲಕ್ಕೆ ತಳ್ಳುತ್ತಿರುತ್ತವೆ. ಹೊಗೆ ಸತತವಾಗಿ ತಾಗಿದರೆ ಈ ಬೆಸುಗೆ ಸಡಿಲಗೊಳ್ಳುತ್ತದೆ, ರೋಮಗಳ ಚಲನೆ ಕುಂದುತ್ತದೆ. ಗಾಸಿಗೊಂಡ ಜೀವಕೋಶಗಳು ಅಪಾಯದ ಸಂದೇಶವಾಗಿ ಕೆಲವು ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತವೆ. ಅದಕ್ಕೆ ಓಗೊಟ್ಟು ರಕ್ತದ ಬಿಳಿ ಕಣಗಳು ಅಲ್ಲಿಗೆ ಬಂದು ಸೇರುತ್ತವೆ. ಉರಿಯೂತ ಶುರುವಾಗುವುದು ಹೀಗೆ, ಮುಂದುವರಿಯುವುದೂ ಹೀಗೆಯೇ.

ಗೋಡೆ ಸಡಿಲವಾದ ಮೇಲೆ ಬೇರೆ ತೊಂದರೆಗಳಿಗೂ ದಾರಿ ಸುಲಭವಾಗುತ್ತದೆ. ವೈರಸ್ಸು ಬೇಗ ಹಿಡಿಯುತ್ತದೆ. ಕಾಂಗ್ರೆಸ್ ಹುಲ್ಲಿನ ಪರಾಗ, ಹಾಸಿಗೆಯ ಧೂಳಿನ ಹುಳದ ಕಸ, ಜಿರಳೆಯ ಹಿಕ್ಕೆ ಮುಂತಾದ ಅಲರ್ಜಿಕಾರಕಗಳು ಆಳಕ್ಕೆ ಇಳಿಯುತ್ತವೆ. ಡೀಸೆಲ್ ಕಣಗಳು ಪರಾಗದ ಜೊತೆ ಸೇರಿದಾಗ ಅಲರ್ಜಿಯ ಪ್ರತಿಕ್ರಿಯೆ ಇನ್ನಷ್ಟು ಜೋರಾಗುತ್ತದೆ ಎಂಬುದು ಪ್ರಯೋಗಗಳಿಂದ ತಿಳಿದಿದೆ. ಹಳ್ಳಿಯಲ್ಲಿ ಆರಾಮವಾಗಿದ್ದ ಮಗುವಿಗೆ ಪಟ್ಟಣಕ್ಕೆ ಬಂದ ಮೇಲೆ ಸೀನು, ಕೆಮ್ಮು ಹೆಚ್ಚಾದರೆ ಅದಕ್ಕೆ ಇದೂ ಒಂದು ಕಾರಣವಾಗಿರಬಹುದು.

ಮಕ್ಕಳಿಗೇ ಏಕೆ ಹೆಚ್ಚು ಪೆಟ್ಟು?

ಮೂರು ವರ್ಷದ ಮಗು ನಿಮಿಷಕ್ಕೆ 25ರ ಆಸುಪಾಸು ಸಲ ಉಸಿರಾಡುತ್ತದೆ, ದೊಡ್ಡವರು 12ರಿಂದ 16 ಸಲ. ಮೈತೂಕಕ್ಕೆ ಹೋಲಿಸಿದರೆ ಮಗು ಎಳೆದುಕೊಳ್ಳುವ ಗಾಳಿ ಹೆಚ್ಚು, ನಾಳಗಳು ಮಾತ್ರ ಸಪೂರ. ದೊಡ್ಡವರಲ್ಲಿ ಗೊತ್ತೇ ಆಗದಷ್ಟು ಊತ ಮಗುವಿನಲ್ಲಿ ಅರ್ಧ ದಾರಿಯನ್ನೇ ಮುಚ್ಚಬಹುದು. ಶ್ವಾಸಕೋಶ ಹದಿಹರೆಯ ಮುಗಿಯುವವರೆಗೂ ಬೆಳೆಯುತ್ತಲೇ ಇರುವುದರಿಂದ ಈ ವಯಸ್ಸಿನಲ್ಲಿ ಉಸಿರಾಡುವ ಗಾಳಿಯ ಗುರುತು ಮುಂದೆಯೂ ಉಳಿಯುತ್ತದೆ.

ಬೆಂಗಳೂರಿನ ಮಕ್ಕಳ ಶ್ವಾಸಕೋಶ ತಜ್ಞ ಡಾ. ಎಚ್. ಪರಮೇಶ್ ಅವರು ತಮ್ಮ ಆಸ್ಪತ್ರೆಗೆ ಬಂದ ಮಕ್ಕಳನ್ನು ವರ್ಷಾನುಗಟ್ಟಲೆ ಅಭ್ಯಾಸ ಮಾಡಿ 2002ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಅಸ್ತಮಾ ಇರುವವರ ಪ್ರಮಾಣ 1979ರಲ್ಲಿ ಶೇ 9 ಇದ್ದದ್ದು 1999ರ ಹೊತ್ತಿಗೆ ಶೇ 29.5ಕ್ಕೆ ಏರಿದ್ದನ್ನು ದಾಖಲಿಸಿದ್ದಾರೆ. ಇದು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕವೇ ಹೊರತು ಇಡೀ ಊರಿನದಲ್ಲ. ಶಾಲೆಗಳಲ್ಲಿ ನೋಡಿದಾಗಲೂ ವ್ಯತ್ಯಾಸ ಎದ್ದು ಕಂಡಿತು: ವಾಹನ ದಟ್ಟಣೆಯ ರಸ್ತೆಗಳ ಶಾಲೆಗಳಲ್ಲಿ ಶೇ 19ರಷ್ಟು ಮಕ್ಕಳಿಗೆ ಅಸ್ತಮಾ, ದಟ್ಟಣೆ ಕಡಿಮೆಯಿದ್ದ ಕಡೆ ಶೇ 11ರಷ್ಟು.

ಲಂಡನ್ನಿನಲ್ಲಿ ವಾಹನಗಳು ಕಿಕ್ಕಿರಿಯುವ ಸೌತ್ ಸರ್ಕ್ಯುಲರ್ ರಸ್ತೆಯ ಹತ್ತಿರ ಬೆಳೆದ ಎಲ್ಲಾ ಅಡೂ-ಕಿಸ್ಸಿ-ಡೆಬ್ರಾ ಎಂಬ ಬಾಲಕಿ ತೀವ್ರ ಅಸ್ತಮಾದಿಂದ 2013ರ ಫೆಬ್ರುವರಿಯಲ್ಲಿ ಒಂಬತ್ತನೇ ವಯಸ್ಸಿಗೆ ತೀರಿಕೊಂಡಳು. 2020ರ ಡಿಸೆಂಬರಿನಲ್ಲಿ ಅಲ್ಲಿನ ಮರಣ ವಿಚಾರಣಾಧಿಕಾರಿ ಆಕೆಯ ಸಾವಿಗೆ ವಾಯುಮಾಲಿನ್ಯವೂ ಕಾರಣವೆಂದು ದಾಖಲಿಸಿದರು. ಗಾಳಿಗೂ ಕಾಯಿಲೆಗೂ ಇರುವ ನಂಟನ್ನು ತಾಯಿಗೆ ಯಾರೂ ತಿಳಿಸಿರಲಿಲ್ಲ, ತಿಳಿಸಿದ್ದರೆ ಆಕೆ ಕ್ರಮ ಕೈಗೊಳ್ಳುತ್ತಿದ್ದರು ಎಂದೂ ಆ ತೀರ್ಪು ಹೇಳಿತು. ಈ ವಿಷಯವನ್ನು ಪೋಷಕರಿಗೆ ಬಿಡಿಸಿ ಹೇಳುವುದು ವೈದ್ಯರ ಕರ್ತವ್ಯ ಎಂದು ನಾನು ನಂಬುವುದು ಅದಕ್ಕೇ.

ಭರವಸೆಯ ಸುದ್ದಿಯೂ ಇದೆ. ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ 1990ರ ದಶಕದಿಂದ ಶಾಲಾಮಕ್ಕಳ ಶ್ವಾಸಕೋಶದ ಬೆಳವಣಿಗೆಯನ್ನು ಅಳೆಯುತ್ತಾ ಬಂದ ಅಧ್ಯಯನವೊಂದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅಲ್ಲಿ ಗಾಳಿ ಶುದ್ಧವಾಗುತ್ತಾ ಹೋದಂತೆ, 15ನೇ ವಯಸ್ಸಿಗೆ ಶ್ವಾಸಕೋಶದ ಸಾಮರ್ಥ್ಯ ತೀರಾ ಕಡಿಮೆಯಿದ್ದ ಮಕ್ಕಳ ಪ್ರಮಾಣ ಶೇ 7.9ರಿಂದ ಶೇ 3.6ಕ್ಕೆ ಇಳಿದಿತ್ತು. ಅಸ್ತಮಾ ಇದ್ದ ಮಕ್ಕಳಿಗೂ ಇಲ್ಲದ ಮಕ್ಕಳಿಗೂ ಅದರಿಂದ ಲಾಭವಾಯಿತು. ಗಾಳಿ ಸುಧಾರಿಸಿದರೆ ಎಳೆಯ ಶ್ವಾಸಕೋಶ ಅದಕ್ಕೆ ಸ್ಪಂದಿಸುತ್ತದೆ.

ಮೊದಲು ಮನೆಯೊಳಗಿನ ಹೊಗೆ

ಮಗು ದಿನದ ಹೆಚ್ಚು ಹೊತ್ತು ಕಳೆಯುವುದು ಮನೆಯೊಳಗೆ. ಮುಚ್ಚಿದ ಕೋಣೆಯಲ್ಲಿ ಉರಿಯುವ ಸಣ್ಣದೊಂದು ವಸ್ತುವೂ ಹೊರಗಿನ ರಸ್ತೆಗಿಂತ ಹೆಚ್ಚು ಹೊಗೆ ಉಸಿರಾಡಿಸಬಹುದು.

ಸೊಳ್ಳೆಬತ್ತಿಯನ್ನೇ ನೋಡಿ. ಒಂದು ಸುರುಳಿ ಪೂರ್ತಿ ಉರಿದಾಗ ಹೊರಬರುವ ಸೂಕ್ಷ್ಮ ಕಣಗಳು 75ರಿಂದ 137 ಸಿಗರೇಟುಗಳ ಹೊಗೆಯಲ್ಲಿರುವಷ್ಟು ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ. ಸೊಳ್ಳೆಪರದೆಯಷ್ಟು ನಿರಪಾಯವಾದ ಉಪಾಯ ಬೇರೊಂದಿಲ್ಲ. ಕಿಟಕಿಗೆ ಜಾಲರಿ ಹಾಕಿಸಿ, ಸಂಜೆ ಐದೂವರೆ ಆರರ ಹೊತ್ತಿಗೆ ಬಾಗಿಲು ಮುಚ್ಚಿ. ಪ್ಲಗ್ಗಿಗೆ ಸಿಕ್ಕಿಸುವ ದ್ರವದ ಯಂತ್ರದಲ್ಲಿ ಹೊಗೆ ಇಲ್ಲದಿದ್ದರೂ ಅದರ ವಾಸನೆಗೇ ಕೆಮ್ಮುವ ಮಕ್ಕಳಿದ್ದಾರೆ, ಗಮನಿಸಿ.

ಅಗರಬತ್ತಿ, ಧೂಪ, ಸಾಂಬ್ರಾಣಿಯ ಹೊಗೆಯೂ ಶ್ವಾಸನಾಳಕ್ಕೆ ಹೊಗೆಯೇ. ಪೂಜೆಗೆ ತುಪ್ಪದ ದೀಪ, ಹೂವು ಸಾಕು ಎಂದು ಮನೆಯ ಹಿರಿಯರಿಗೆ ವಿನಯದಿಂದ ಹೇಳಿದರೆ, ಮೊಮ್ಮಗುವಿನ ಉಸಿರಿನ ಮಾತಾದ್ದರಿಂದ ಸಾಮಾನ್ಯವಾಗಿ ಒಪ್ಪುತ್ತಾರೆ. ಹಸುಗೂಸಿನ ತಲೆಗೆ ಸಾಂಬ್ರಾಣಿ ಹೊಗೆ ಹಿಡಿಯುವುದನ್ನು ಮಾತ್ರ ಖಂಡಿತ ಬಿಡಬೇಕು.

ಅಡುಗೆಗೆ ಗ್ಯಾಸ್ ಬಂದ ಎಷ್ಟೋ ಮನೆಗಳಲ್ಲಿ ಸ್ನಾನದ ನೀರು ಇನ್ನೂ ಬಚ್ಚಲ ಒಲೆಯಲ್ಲೇ ಕಾಯುತ್ತದೆ. ತೆಂಗಿನ ಗರಿ, ಹಸಿ ಸೌದೆ, ಬೆಂಕಿ ಬೇಗ ಹತ್ತಲೆಂದು ಒಂದು ಪ್ಲಾಸ್ಟಿಕ್ ಕವರು. ಬೆಳಗಿನ ಜಾವ ಆ ಹೊಗೆ ನೇರ ಮಲಗುವ ಕೋಣೆಗೆ ನುಗ್ಗುತ್ತದೆ. ಪ್ಲಾಸ್ಟಿಕ್ ಸುಡುವುದನ್ನು ಇಂದೇ ನಿಲ್ಲಿಸಿ, ಒಣ ಸೌದೆಯನ್ನೇ ಬಳಸಿ, ಒಲೆಗೆ ಹೊಗೆ ಕೊಳವೆ ಹಾಕಿಸಿ. ಕೈಲಾದರೆ ಸೋಲಾರ್ ಅಥವಾ ಗೀಸರಿಗೆ ಬದಲಾಯಿಸಿ. ಗ್ಯಾಸ್ ಒಲೆಯೂ ಸ್ವಲ್ಪ ನೈಟ್ರೋಜನ್ ಡೈಆಕ್ಸೈಡ್ ಬಿಡುತ್ತದೆ, ಆದ್ದರಿಂದ ಒಗ್ಗರಣೆ ಹಾಕುವಾಗ, ಕರಿಯುವಾಗ ಕಿಟಕಿ ತೆರೆದು ಫ್ಯಾನ್ ಹಾಕಿ.

ಬೀಡಿ, ಸಿಗರೇಟಿನ ವಿಷಯದಲ್ಲಿ ರಿಯಾಯಿತಿ ಇಲ್ಲ. ಬಾಲ್ಕನಿಯಲ್ಲಿ ಸೇದಿ ಬಂದರೂ ಅದರ ಅಂಶ ಬಟ್ಟೆ, ಕೂದಲಿಗೆ ಅಂಟಿ ಒಳಗೆ ಬರುತ್ತದೆ. ಮನೆಯಲ್ಲಿ ಒಣ ಪೊರಕೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಇಷ್ಟೆಲ್ಲ ಮಾಡಿದ ಮೇಲೆ ಅನುಕೂಲವಿದ್ದರೆ ಹೆಪಾ ಫಿಲ್ಟರಿನ ಏರ್ ಪ್ಯೂರಿಫೈಯರ್ ಇಡಬಹುದು. ಓಝೋನ್ ಬಿಡುವ ಯಂತ್ರಗಳು ಮಾತ್ರ ಬೇಡ. ಹೊಗೆ ಹುಟ್ಟುವುದನ್ನು ನಿಲ್ಲಿಸದೆ ಯಂತ್ರ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಹೊರಗಿನ ಗಾಳಿ: ಹೊತ್ತು ನೋಡಿ ಆಟ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ಹತ್ತಿರದ ಮಾಪನ ಕೇಂದ್ರದ ವಾಯು ಗುಣಮಟ್ಟ ಸೂಚ್ಯಂಕ, ಅಂದರೆ ಎಕ್ಯುಐ ಸಿಗುತ್ತದೆ. 50ರವರೆಗೆ ಉತ್ತಮ, 100ರವರೆಗೆ ತೃಪ್ತಿಕರ, 101ರಿಂದ 200 ಮಧ್ಯಮ, ಅದಕ್ಕೂ ಮೇಲೆ ಕಳಪೆ. ‘ಮಧ್ಯಮ’ ಎಂಬ ಮಾತಿಗೆ ಮೋಸಹೋಗಬೇಡಿ: ಅಸ್ತಮಾ ಇರುವವರಿಗೆ ಉಸಿರಾಟದ ತೊಂದರೆ ಆಗಬಹುದೆಂದು ಮಂಡಳಿಯೇ ಎಚ್ಚರಿಸುವುದು ಈ ಹಂತದಿಂದ. ಪಿಎಂ 2.5ಕ್ಕೆ ದಿನದ ಸರಾಸರಿ ಮಿತಿ ನಮ್ಮಲ್ಲಿ ಘನಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 15.

ಚಳಿಗಾಲದ ಮುಂಜಾನೆ ನೆಲದ ಹತ್ತಿರದ ತಣ್ಣನೆ ಗಾಳಿ ಮೇಲೇರದೆ ಹೊಗೆಯನ್ನು ಕೆಳಗೇ ಹಿಡಿದಿಡುತ್ತದೆ. ಆಗ ಮೈದಾನದ ಅಭ್ಯಾಸವನ್ನು ಬಿಸಿಲು ಏರಿದ ಮೇಲೆ ಇಟ್ಟುಕೊಳ್ಳುವುದು ಮೇಲು. ಬೇಸಿಗೆಯಲ್ಲಿ ಓಝೋನ್ ಹೆಚ್ಚುವುದು ಮಧ್ಯಾಹ್ನ, ಆಗ ಬೆಳಗಿನ ಹೊತ್ತು ಒಳ್ಳೆಯದು. ದಿನವೂ ಓಡಾಡುವಾಗ ಮುಖ್ಯರಸ್ತೆ ಬಿಟ್ಟು ಒಳರಸ್ತೆ ಹಿಡಿದರೂ ಹೊಗೆ ಸಾಕಷ್ಟು ತಪ್ಪುತ್ತದೆ. ದ್ವಿಚಕ್ರ ವಾಹನದ ಮುಂದೆ ನಿಲ್ಲಿಸಿಕೊಂಡು ಹೋಗುವ ಮಗುವಿನ ಮುಖ ಮುಂದಿನ ಬಸ್ಸಿನ ಹೊಗೆ ಕೊಳವೆಗೆ ಎಷ್ಟು ಹತ್ತಿರವಿರುತ್ತದೆ ಎಂಬುದನ್ನು ಒಮ್ಮೆ ಸಿಗ್ನಲ್ಲಿನಲ್ಲಿ ನಿಂತಾಗ ಗಮನಿಸಿ. ಬಟ್ಟೆಯ ಮಾಸ್ಕು ಸೂಕ್ಷ್ಮ ಕಣಗಳನ್ನು ಅಷ್ಟಾಗಿ ತಡೆಯುವುದಿಲ್ಲ. ಎನ್95 ತಡೆಯುತ್ತದೆ, ಆದರೆ ಮುಖಕ್ಕೆ ಸರಿಯಾಗಿ ಕೂರಬೇಕು. ತೀರಾ ಚಿಕ್ಕ ಮಕ್ಕಳಿಗೆ, ಓಡಿ ಆಡುವಾಗ ಅದು ಬೇಡ.

ಗಾಳಿ ಕೆಟ್ಟಿದೆಯೆಂದು ಮಗುವಿನ ಆಟವನ್ನೇ ನಿಲ್ಲಿಸಬೇಡಿ. ವ್ಯಾಯಾಮ ಶ್ವಾಸಕೋಶಕ್ಕೂ ಮನಸ್ಸಿಗೂ ಬೇಕು. ಹೊತ್ತು ಮತ್ತು ಜಾಗ ಬದಲಾಯಿಸಿದರೆ ಸಾಕು.

ಇನ್ಹೇಲರ್ ಬಗ್ಗೆ ಭಯ ಬೇಡ

“ಪಂಪು ಅಭ್ಯಾಸ ಆಗಿಬಿಡುತ್ತೆ” ಎಂಬ ಭಯಕ್ಕೆ ಬಿದ್ದು ಅರ್ಧಕ್ಕೇ ಬಿಡುವವರೇ ಹೆಚ್ಚು. ಉಬ್ಬಸದ ಇನ್ಹೇಲರುಗಳಲ್ಲಿ ಎರಡು ಬಗೆ. ಬಿಗಿದ ಸ್ನಾಯುವನ್ನು ನಿಮಿಷಗಳಲ್ಲಿ ಸಡಿಲಿಸುವ ಸಾಲ್ಬುಟಮಾಲ್ ಒಂದು, ದಿನವೂ ತೆಗೆದುಕೊಂಡು ಉರಿಯೂತವನ್ನೇ ಇಳಿಸುವ ಸ್ಟೆರಾಯ್ಡ್ ಇನ್ನೊಂದು. ಹೊಗೆಯಿಂದ ಆಗುವ ಹಾನಿಯನ್ನು ತಾಳಿಕೊಳ್ಳುವ ಶಕ್ತಿ ಕೊಡುವುದು ಎರಡನೆಯದು. ಮೊದಲನೆಯದು ವಾರಕ್ಕೆ ಎರಡಕ್ಕಿಂತ ಹೆಚ್ಚು ದಿನ ಬೇಕಾಗುತ್ತಿದ್ದರೆ (ಐದು ವರ್ಷದೊಳಗಿನವರಿಗೆ ಒಂದಕ್ಕಿಂತ ಹೆಚ್ಚು) ಉರಿಯೂತ ಹತೋಟಿಯಲ್ಲಿಲ್ಲ ಎಂದರ್ಥ.

ಪ್ರಮಾಣ ನೋಡಿ. ದಿನಕ್ಕೆ 200 ಮೈಕ್ರೋಗ್ರಾಂ ಇನ್ಹೇಲರ್ ಸ್ಟೆರಾಯ್ಡ್ ಎಂದರೆ ತಿಂಗಳಿಗೆ 6 ಮಿಲಿಗ್ರಾಂ. ಉಬ್ಬಸ ಉಲ್ಬಣಿಸಿದಾಗ 15 ಕಿಲೋ ತೂಕದ ಮಗುವಿಗೆ ಸಿರಪ್ ರೂಪದ ಸ್ಟೆರಾಯ್ಡ್ ಒಂದೇ ದಿನಕ್ಕೆ ಕೊಡಬೇಕಾಗುವುದು 15 ಮಿಲಿಗ್ರಾಂ ಅಥವಾ ಇನ್ನೂ ಹೆಚ್ಚು. ಎರಡೂ ಬೇರೆ ಬೇರೆ ಔಷಧಿಗಳಾದರೂ ಅಂತರ ಅರ್ಥವಾಗಲು ಈ ಲೆಕ್ಕ ಸಾಕು. ವರ್ಷಗಟ್ಟಲೆ ಬಳಸಿದ ಮಕ್ಕಳ ಎತ್ತರದಲ್ಲಿ ಸುಮಾರು 1 ಸೆಂ.ಮೀ. ವ್ಯತ್ಯಾಸ ಕಂಡುಬಂದಿರುವುದು ನಿಜ. ಹತೋಟಿಯಿಲ್ಲದ ಉಬ್ಬಸವೂ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ, ನಿದ್ದೆ, ಶಾಲೆ, ಆಟ ಎಲ್ಲವನ್ನೂ ಕಸಿಯುತ್ತದೆ.

“ಹೇಗೆ ಕೊಡ್ತೀರಿ, ತೋರಿಸಿ” ಎಂದು ಕೇಳಿದಾಗಲೇ ಎಷ್ಟೋ ಸಲ ತೊಂದರೆಯ ಮೂಲ ಸಿಗುತ್ತದೆ. ತಾಯಿ ಇನ್ಹೇಲರನ್ನು ಕುಲುಕದೆ, ಅದಕ್ಕೂ ಮಗುವಿನ ಮುಖದ ಮಾಸ್ಕಿಗೂ ನಡುವಿನ ಕೊಳವೆಯಾದ ಸ್ಪೇಸರಿಗೆ ಸಿಕ್ಕಿಸುತ್ತಾರೆ. ಮಗು ಕೊಸರಾಡುತ್ತಾ ಅಳುತ್ತದೆ, ಮಾಸ್ಕಿನ ಒಂದು ಅಂಚು ಕೆನ್ನೆಯಿಂದ ಎದ್ದಿರುತ್ತದೆ. ಎರಡು ಪಫ್ ಒಟ್ಟಿಗೇ ಒತ್ತಿ, ಎರಡು ಉಸಿರಿಗೆ ತೆಗೆದುಬಿಡುತ್ತಾರೆ. ಔಷಧಿ ಹೋದದ್ದು ಗಾಳಿಗೆ ಮತ್ತು ಗಲ್ಲಕ್ಕೆ. ಸರಿಯಾದ ಕ್ರಮ ಹೀಗೆ: ಮಗುವನ್ನು ಮಡಿಲಲ್ಲಿ ನೆಟ್ಟಗೆ ಕೂರಿಸಿ ಸಮಾಧಾನಪಡಿಸಿ, ಇನ್ಹೇಲರ್ ಚೆನ್ನಾಗಿ ಕುಲುಕಿ, ಮಾಸ್ಕು ಮೂಗು ಬಾಯಿಗೆ ಸಂದಿಲ್ಲದಂತೆ ಹಿಡಿದು, ಒಂದು ಪಫ್ ಒತ್ತಿ, ಐದಾರು ಉಸಿರು ಎಣಿಸಿ. ಇನ್ನೊಂದು ಪಫ್ ಬೇಕಿದ್ದರೆ ಅರ್ಧ ನಿಮಿಷ ಬಿಟ್ಟು ಮತ್ತೆ ಕುಲುಕಿ ಕೊಡಿ. ಸ್ಟೆರಾಯ್ಡ್ ಆದರೆ ಕೊನೆಗೆ ಬಾಯಿ ಮುಕ್ಕಳಿಸಿ, ಮುಖ ಒರೆಸಿ. ಸ್ಪೇಸರನ್ನು ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ಅದ್ದಿ, ಬಟ್ಟೆಯಿಂದ ಉಜ್ಜದೆ ಗಾಳಿಗೆ ಒಣಗಲು ಬಿಡಿ. ಉಜ್ಜಿದರೆ ಹುಟ್ಟುವ ಸ್ಥಾಯಿ ವಿದ್ಯುತ್ತಿಗೆ ಔಷಧಿಯ ಕಣಗಳು ಒಳಗೋಡೆಗೇ ಅಂಟಿಕೊಳ್ಳುತ್ತವೆ.

ಈ ಲಕ್ಷಣ ಕಂಡರೆ ಕಾಯಬೇಡಿ

- ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೆಳೆಯುವುದು, ಕತ್ತಿನ ಗುಂಡಿ ಇಳಿಯುವುದು
- ಒಂದು ವಾಕ್ಯ ಪೂರ್ತಿ ಮಾಡಲಾಗದಷ್ಟು ಏದುಸಿರು. ಕೂಸು ಹಾಲು ಕುಡಿಯಲಾಗದಿರುವುದು
- ತುಟಿ, ಉಗುರು ನೀಲಿಗಟ್ಟುವುದು, ಮಂಕು ಕವಿಯುವುದು
- ಸಾಲ್ಬುಟಮಾಲ್ ಕೊಟ್ಟರೂ ಉಸಿರಾಟ ಹಗುರಾಗದಿರುವುದು

ಮಗುವನ್ನು ಮಲಗಿಸದೆ ಕೂರಿಸಿ, ವೈದ್ಯರು ಬರೆದುಕೊಟ್ಟಷ್ಟು ಸಾಲ್ಬುಟಮಾಲ್ ಸ್ಪೇಸರಿನಲ್ಲಿ ಕೊಡುತ್ತಾ ಆಸ್ಪತ್ರೆಗೆ ಹೊರಡಿ, ಇಲ್ಲವೇ 108ಕ್ಕೆ ಕರೆ ಮಾಡಿ. ಏದುಸಿರಿದ್ದ ಮಗುವಿನ ಸುಂಯ್ ಸದ್ದು ಇದ್ದಕ್ಕಿದ್ದಂತೆ ನಿಂತು ಮಗು ಸೋತುಹೋದರೆ ಅದು ಗುಣವಾದ ಗುರುತಲ್ಲ, ಗಾಳಿಯಾಡುವುದೇ ನಿಲ್ಲುತ್ತಿದೆ ಎಂಬ ಸೂಚನೆ.

ನೆರೆಹೊರೆ ಸೇರಿ ಮಾಡಬಹುದಾದದ್ದು

ಬೀದಿಯ ಕೊನೆಯಲ್ಲಿ ಕಸಕ್ಕೆ ಬೆಂಕಿ ಹಚ್ಚುವುದು ಮಾಮೂಲಿ ಎಂದು ಸುಮ್ಮನಿರಬೇಕಿಲ್ಲ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಬಯಲಲ್ಲಿ ಕಸ ಸುಡುವುದನ್ನು ದೇಶದಾದ್ಯಂತ ನಿಷೇಧಿಸಿ 5,000 ರೂಪಾಯಿ ದಂಡವನ್ನೂ, ಭಾರಿ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿಯನ್ನೂ ವಿಧಿಸಿದೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಡಿ ನಮ್ಮ ರಾಜ್ಯದ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿ ಇವೆ. ಗಾಳಿ ಶುದ್ಧವಾಗಿಸಲು ಏನು ಮಾಡಿದ್ದೀರಿ ಎಂದು ಅಲ್ಲಿನ ಪಾಲಿಕೆಯನ್ನು ಕೇಳುವ ಹಕ್ಕು ಪೋಷಕರಿಗಿದೆ. ಶಾಲೆಯ ಪೋಷಕರ ಸಭೆಯಲ್ಲಿ ಒಂದು ಸಣ್ಣ ಕೋರಿಕೆ ಇಡಿ: ಗೇಟಿನ ಮುಂದೆ ನಿಂತ ವ್ಯಾನು, ಕಾರುಗಳ ಎಂಜಿನ್ ಆರಿಸಬೇಕು. ಖರ್ಚಿಲ್ಲದ ಈ ನಿಯಮದಿಂದ ಎಲ್ಲ ಮಕ್ಕಳಿಗೂ ಒಳ್ಳೆಯದಾಗುತ್ತದೆ.

ಮನೆಯಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ರಾತ್ರಿ ಕೆಮ್ಮಿತೇ, ಸಾಲ್ಬುಟಮಾಲ್ ಬೇಕಾಯಿತೇ, ಆ ದಿನದ ಎಕ್ಯುಐ ಎಷ್ಟು, ಮನೆಯಲ್ಲಿ ಅಥವಾ ಪಕ್ಕದಲ್ಲಿ ಏನಾದರೂ ಉರಿದಿತ್ತೇ ಎಂದು ದಿನಕ್ಕೆ ಒಂದು ಸಾಲು ಬರೆಯಿರಿ. ಕೆಲವೇ ವಾರಗಳಲ್ಲಿ ನಿಮ್ಮ ಮಗುವಿಗೆ ಯಾವುದು ಆಗಿಬರುವುದಿಲ್ಲ ಎಂಬುದು ನಿಮಗೇ ಗೊತ್ತಾಗುತ್ತದೆ. ವೈದ್ಯರ ಬಳಿ ಹೋಗುವಾಗ ಆ ಪುಸ್ತಕವನ್ನೂ ಇನ್ಹೇಲರ್, ಸ್ಪೇಸರನ್ನೂ ಒಯ್ಯಿರಿ. ಮೂರು ತಿಂಗಳು ಕೆಮ್ಮಿಲ್ಲದೆ ನೆಮ್ಮದಿಯಾಗಿ ಕಳೆದಿದ್ದರೆ, ಔಷಧಿಯ ಪ್ರಮಾಣ ಇಳಿಸಬಹುದೇ ಎಂದು ಧೈರ್ಯವಾಗಿ ಕೇಳಿ. ನೀವಾಗಿಯೇ ನಿಲ್ಲಿಸಬೇಡಿ, ಹಂತಹಂತವಾಗಿ ಇಳಿಸುವ ದಾರಿಯನ್ನು ವೈದ್ಯರು ನಿಮ್ಮ ಜೊತೆ ಕೂತು ಗೊತ್ತುಮಾಡುತ್ತಾರೆ.